ಮೋಡಕ್ಕೊಂದು ಹೆಸರು, ಮಳೆಗೊಂದು ಲೆಕ್ಕ

ಪುಣೆಯ ಶಿವಾಜಿನಗರದಲ್ಲಿ ‘ಸಿಮ್ಲಾ ಆಫೀಸ್’ ಎಂಬ ಬಸ್ ಸ್ಟಾಪಿದೆ. ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ, ಪುಣೆಗೂ ಸಿಮ್ಲಾಕ್ಕೂ ಎಲ್ಲಿಯ ನಂಟು ಎಂದು ನನಗೆ ಸೋಜಿಗವಾಗುತ್ತಿತ್ತು. ಆ ಹೆಸರಿನ ಹಿಂದೆ ನಮ್ಮ ದೇಶದ ಹವಾಮಾನ ಇಲಾಖೆಯ ಕಥೆಯಿದೆ. 1875ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಈ ಇಲಾಖೆಯ ಮುಖ್ಯ ಕಚೇರಿ ಮುಂದೆ ಸಿಮ್ಲಾಕ್ಕೆ ಹೋಯಿತು. ಅಲ್ಲಿಂದ 1928ರಲ್ಲಿ ಪುಣೆಗೆ ಬಂತು. 1944ರಲ್ಲಿ ದೆಹಲಿಗೆ ಹೋದರೂ, ಹೆಸರು ಮಾತ್ರ ಇಲ್ಲಿಯೇ ಉಳಿಯಿತು.

ಇಲಾಖೆ ಹುಟ್ಟಿದ್ದು ಕುತೂಹಲಕ್ಕಲ್ಲ, ಸಾವುನೋವಿನ ಪಾಠದಿಂದ. 1864ರಲ್ಲಿ ಭೀಕರ ಚಂಡಮಾರುತವೊಂದು ಕಲ್ಕತ್ತೆಗೆ ಅಪ್ಪಳಿಸಿತು. 1866 ಮತ್ತು 1871ರಲ್ಲಿ ಮಳೆ ಕೈಕೊಟ್ಟಿತು. ಇಲಾಖೆ ಕಣ್ಣು ಬಿಡುವ ಹೊತ್ತಿಗೇ 1876–78ರ ಮಹಾಬರ ಬಂತು. ಮೈಸೂರು ಸೀಮೆಯಲ್ಲಿ ಅದನ್ನು ‘ಧಾತು ಈಶ್ವರ ಬರ’ ಎಂದು ಹಿರಿಯರು ನೆನೆಯುತ್ತಿದ್ದರು. ಮುಂಗಾರನ್ನು ಮೊದಲೇ ತಿಳಿಯಲಾಗದೇ ಎಂಬ ಪ್ರಶ್ನೆಗೆ ಇಲಾಖೆಯ ಮೊದಲ ಮುಖ್ಯಸ್ಥ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮದಲ್ಲಿ ಉತ್ತರ ಹುಡುಕಿದರು. ಅಲ್ಲಿ ಹಿಮ ಹೆಚ್ಚಾದ ವರ್ಷ ಮಳೆ ಕಡಿಮೆ ಎಂಬುದು ಅವರ ಲೆಕ್ಕ. ಅದನ್ನು ಆಧರಿಸಿ 1886ರಲ್ಲಿ ಮೊದಲ ಮುಂಗಾರು ಮುನ್ಸೂಚನೆ ಹೊರಬಿತ್ತು.

ಹಾಗೆಂದು ಅದಕ್ಕೆ ಮುಂಚೆ ನಮ್ಮವರು ಆಕಾಶ ನೋಡುತ್ತಿರಲಿಲ್ಲವೇ? ನಮ್ಮ ರೈತರಿಗೆ ರೋಹಿಣಿ, ಮೃಗಶಿರ, ಆರಿದ್ರ ಎಂದು ಹದಿಮೂರು–ಹದಿನಾಲ್ಕು ದಿನಕ್ಕೊಂದು ಮಳೆಯ ಹೆಸರಿತ್ತು. ನಮ್ಮ ಕಡೆಯ ‘ಮಿರಗ’ವೇ ಇಲ್ಲಿನ ಮರಾಠಿಗರ ಮೃಗ ನಕ್ಷತ್ರ. ಬಿತ್ತನೆಯ ಕಾಲ ತಿಳಿಯಲು ಅದು ಸಾಕಾಗುತ್ತಿತ್ತು. ಆದರೆ ಈ ಸಂಜೆ ಸಿಡಿಲು ಬರುತ್ತದೆಯೇ ಎಂಬುದಕ್ಕೆ ಮೋಡವನ್ನೇ ಓದಬೇಕು. ಒಬ್ಬರು ಕಂಡದ್ದು ಇನ್ನೊಬ್ಬರಿಗೆ ತಿಳಿಯಬೇಕಾದರೆ ಹೆಸರು ಒಂದೇ ಇರಬೇಕು.

ಆ ಕೆಲಸವನ್ನು ಮಾಡಿದವರು ಲಂಡನ್ನಿನ ಔಷಧ ವ್ಯಾಪಾರಿ ಲೂಕ್ ಹೋವರ್ಡ್. 1802ರಲ್ಲಿ ಅವರು ಮೋಡಗಳಿಗೆ ಲ್ಯಾಟಿನ್ ಹೆಸರು ಕೊಟ್ಟರು: ಸಿರ್ರಸ್, ಕ್ಯುಮುಲಸ್, ಸ್ಟ್ರೇಟಸ್, ನಿಂಬಸ್. ನಮ್ಮ ಶಾಲಾ ಪುಸ್ತಕಗಳ ಹಿಮಕಣ ಮೋಡ, ರಾಶಿ ಮೋಡ, ಪದರು ಮೋಡ, ರಾಶಿ ವೃಷ್ಟಿ ಮೋಡಗಳಿಗೆ ಮೂಲ ಇದೇ. ಹಿಂಜಿದ ಹತ್ತಿಯ ಎಳೆಯಂತೆ ಬಹಳ ಎತ್ತರದಲ್ಲಿ ತೇಲುವುದು ಹಿಮಕಣ ಮೋಡ. ಅದರಿಂದ ನಮ್ಮ ಅಂಗಳಕ್ಕೆ ಮಳೆ ಬೀಳದು. ಹೂಕೋಸಿನಂತೆ ಉಬ್ಬಿದ್ದು ರಾಶಿ ಮೋಡ. ಬೂದು ಕಂಬಳಿ ಹೊದಿಸಿದಂತೆ ಕೆಳಗೆ ಹರಡುವುದು ಪದರು ಮೋಡ. ಬಂದರೆ ಜಿಟಿಜಿಟಿ ಮಳೆ. ರಾಶಿ ಮೋಡವೇ ಮೇಲೇರುತ್ತಾ ಹೋಗಿ, ಬುಡ ಕಪ್ಪಾಗಿ, ನೆತ್ತಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾದರೆ ಅದು ರಾಶಿ ವೃಷ್ಟಿ ಮೋಡ. ಗುಡುಗು, ಸಿಡಿಲು, ಆಲಿಕಲ್ಲು ಎಲ್ಲ ಅದರದ್ದೇ. ಏಪ್ರಿಲ್–ಮೇ ತಿಂಗಳ ಸಂಜೆ ಇಲ್ಲಿ ಸುರಿಯುವ ‘ವಳೀವ್’ ಮಳೆಯನ್ನು ತರುವುದೂ ಅದೇ.

ಹೆಸರಿನಂತೆ ಅಳತೆಯೂ ಎಲ್ಲೆಡೆ ಒಂದೇ ಆಗಿರಬೇಕಲ್ಲ! ಒಂದೂರಿನ ಮಳೆಮಾಪಕ ಒಂದು ಹೇಳಿ, ಪಕ್ಕದೂರಿನದು ಇನ್ನೊಂದು ಹೇಳಿದರೆ ಮುನ್ಸೂಚನೆ ಹೇಗೆ ಸಾಧ್ಯ? ಇಲ್ಲಿ ನಾವು ಹೆಣ್ಣುಮಕ್ಕಳು ಮರೆಯಬಾರದ ಹೆಸರು ಅನ್ನಾ ಮಣಿ. 1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಹುಟ್ಟಿದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಬಳಿ ವಜ್ರ, ಮಾಣಿಕ್ಯಗಳ ಮೇಲೆ ಸಂಶೋಧನೆ ಮಾಡಿದರು. ಪ್ರಬಂಧ ಸಿದ್ಧವಾಗಿತ್ತು, ಆದರೆ ಎಂ.ಎಸ್‌ಸಿ. ಇಲ್ಲವೆಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡಲಿಲ್ಲ. ಅವರು ಅಲ್ಲಿಗೇ ನಿಲ್ಲಲಿಲ್ಲ. ಲಂಡನ್ನಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆ ಕಲಿತು, 1948ರಲ್ಲಿ ಇದೇ ಪುಣೆಯ ಇಲಾಖೆ ಸೇರಿದರು. ಹೊರದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲಿಯೇ ತಯಾರಿಸಲು ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಒಂದೇ ಮಾನಕಕ್ಕೆ ತಂದರು. ಮುಂದೆ ಉಪ ಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದರು. ಡಾಕ್ಟರೇಟ್ ಇಲ್ಲದ ಆ ಹೆಣ್ಣುಮಗಳ ಅಳತೆಗೋಲನ್ನು ದೇಶವೇ ನಂಬಿತು.

ಇಂದು ಉಪಗ್ರಹ, ರಡಾರ್‌ಗಳಿವೆ. ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ಮೊಬೈಲಿಗೇ ಬರುತ್ತವೆ. ಆದರೆ ಆ ಬಣ್ಣ ಇಡೀ ಜಿಲ್ಲೆಗೆ ಸೇರಿದ್ದು. ರಾಶಿ ವೃಷ್ಟಿ ಮೋಡ ಒಂದು ಬಡಾವಣೆಯನ್ನು ತೋಯಿಸಿ, ಪಕ್ಕದ್ದನ್ನು ಒಣಗಿಸಿಯೇ ಬಿಡಬಹುದು. ಆದ್ದರಿಂದ ಗೆಳತಿಯರೇ, ಮುನ್ಸೂಚನೆಯನ್ನು ಓದಿ, ಜೊತೆಗೆ ಮೇಲೂ ನೋಡಿ. ಹೂಕೋಸು ಅಡಿಗಲ್ಲಾಗುತ್ತಿದೆ ಎನಿಸಿದರೆ ಹಪ್ಪಳ ಒಳಗೆ ತನ್ನಿ. ಗುಡುಗು ಕೇಳಿದರೆ ತಾರಸಿಯಲ್ಲಿ ಆಡುವ ಮಕ್ಕಳನ್ನು ಮೊದಲು ಕರೆತನ್ನಿ.