ಅತಿವೇಗ ಮತ್ತು ಅಜಾಗರೂಕತೆಯಿಂದ

'ಸದರಿ ಲಾರಿಯ ಚಾಲಕನು ತನ್ನ ವಾಹನವನ್ನು ಅತಿವೇಗ ಮತ್ತು ಅಜಾಗರೂಕತೆಯಿಂದ, ಮಾನವ ಜೀವಕ್ಕೆ ಅಪಾಯವಾಗುವ ರೀತಿಯಲ್ಲಿ ಚಲಾಯಿಸಿಕೊಂಡು ಬಂದು...'

ಕರ್ನಾಟಕದ ಯಾವ ಪೊಲೀಸ್ ಠಾಣೆಯಲ್ಲಿ ನೋಡಿದರೂ ರಸ್ತೆ ಅಪಘಾತದ ದೂರು ಹೆಚ್ಚುಕಡಿಮೆ ಹೀಗೇ ಇರುತ್ತದೆ. ಲಾರಿಯ ಜಾಗದಲ್ಲಿ ಟೆಂಪೋ ಇರಬಹುದು, ಬೈಕ್ ಇರಬಹುದು. ದೂರು ಕೊಟ್ಟವರು ಶಾಲೆಯ ಮೇಷ್ಟರಾಗಿರಬಹುದು, ಸಹಿ ಬಾರದೆ ಹೆಬ್ಬೆಟ್ಟು ಒತ್ತಿದ ಮುದುಕಿಯಾಗಿರಬಹುದು. ವಾಕ್ಯ ಮಾತ್ರ ಅದೇ. ಮಗನನ್ನು ಕಳೆದುಕೊಂಡು ಅಳುತ್ತ ಬಂದ ತಾಯಿ 'ಸದರಿ' ಎಂದಿರಲಾರಳು. ಅವಳು ಹೇಳಿದ್ದನ್ನು ಠಾಣೆಯ ರೈಟರ್ ತನಗೆ ಗೊತ್ತಿದ್ದ ಭಾಷೆಗೆ ತಿರುಗಿಸಿಕೊಂಡಿರುತ್ತಾನೆ.

ನಾನೂ ಕೆಲವು ವರ್ಷ ಇಂಥದೇ ತಿರುಗಿಸುವ ಕೆಲಸ ಮಾಡಿದ್ದೇನೆ. ಅಪಘಾತ ಪರಿಹಾರದ ಮೊಕದ್ದಮೆಗಳು ಮೇಲ್ಮನವಿಗೆ ಹೋದಾಗ ಕನ್ನಡದ ಕಾಗದಗಳಿಗೆ ಇಂಗ್ಲಿಷ್ ಅನುವಾದ ಬೇಕಾಗುತ್ತದೆ. ವಕೀಲರೊಬ್ಬರ ಕಚೇರಿಗೆ ಪುಟಕ್ಕಿಷ್ಟು ಎಂದು ನಾನು ಅದನ್ನು ಮಾಡಿಕೊಡುತ್ತಿದ್ದೆ. ನಾಲ್ಕೈದು ಕಡತ ಮುಗಿಯುವ ಹೊತ್ತಿಗೆ ಮೇಲಿನ ವಾಕ್ಯದ ಅನುವಾದವನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡು, ಬೇಕಾದಲ್ಲಿ ಅಂಟಿಸತೊಡಗಿದ್ದೆ. ಒಮ್ಮೆ ದಂಡ ಸಂಹಿತೆಯ 279ನೇ ಕಲಂ ತೆರೆದು ನೋಡಿದರೆ ನನ್ನ ಅನುವಾದ ಅಲ್ಲಿ ಮೊದಲೇ ಅಚ್ಚಾಗಿತ್ತು. ಇಂಗ್ಲಿಷಿನಿಂದ ಕನ್ನಡಕ್ಕೆ ಸೊಸೆಯಾಗಿ ಬಂದ ವಾಕ್ಯವನ್ನು ನಾನು ಮತ್ತೆ ತವರಿಗೆ ಕಳಿಸಿಕೊಡುತ್ತಿದ್ದೆ, ಅಷ್ಟೇ.

1860ರಲ್ಲಿ ಭಾರತೀಯ ದಂಡ ಸಂಹಿತೆ ಬಂದಾಗ ಈ ದೇಶದ ದಾರಿಗಳ ಮೇಲೆ ಮೋಟಾರು ಕಾರು ಇರಲಿಲ್ಲ. 279ನೇ ಕಲಂ ಬರೆದವರ ಕಣ್ಣೆದುರಿಗೆ ಇದ್ದದ್ದು ಕುದುರೆ ಗಾಡಿ, ಎತ್ತಿನ ಗಾಡಿ, ಕುದುರೆ ಏರಿದ ಸವಾರ. ಸಾರ್ವಜನಿಕ ದಾರಿಯಲ್ಲಿ ಮನುಷ್ಯರ ಜೀವಕ್ಕೆ ಅಪಾಯವಾಗುವಷ್ಟು ದುಡುಕಿನಿಂದಲೋ ನಿರ್ಲಕ್ಷ್ಯದಿಂದಲೋ ಗಾಡಿ ಹೊಡೆಯುವುದು ಅಪರಾಧ ಎಂದು ಅದು ಹೇಳಿತು. ಹತ್ತು ವರ್ಷದ ಮೇಲೆ, 1870ರಲ್ಲಿ, 304ಎ ಸೇರಿತು. ಕೊಲ್ಲುವ ಉದ್ದೇಶವಿಲ್ಲದೆ, ಬರೀ ದುಡುಕು ಅಥವಾ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಹಾಕುವ ಕಲಂ ಅದು. ಗಮನಿಸಬೇಕಾದ್ದೆಂದರೆ ಎರಡರಲ್ಲೂ ವೇಗದ ಸುದ್ದಿ ಇಲ್ಲ. ದುಡುಕು ಎನ್ನುವುದು ಮನಸ್ಸಿನ ಸ್ಥಿತಿ. ನಿಧಾನವಾಗಿ ಹೋಗುತ್ತಲೇ ದುಡುಕಬಹುದು. ಠಾಣೆಯ ಬರಹದಲ್ಲಿ ಈ ದುಡುಕು ಹೇಗೋ 'ಅತಿವೇಗ' ಆಯಿತು. ಕನ್ನಡದಲ್ಲಿ ಮಾತ್ರ ಹೀಗಾಗಿಲ್ಲ. ಹಿಂದಿ ನಾಡಿನ ಠಾಣೆಗಳಲ್ಲೂ 'ತೇಜಿ ವ ಲಾಪರವಾಹೀ ಸೇ' ಎಂದೇ ಬರೆಯುತ್ತಾರೆ. ಮನಸ್ಸಿನ ಮಾತು ಅಳತೆಯ ಮಾತಾಗಿ ಬದಲಾಯಿತು, ಆದರೆ ಅಳೆದವರು ಯಾರೂ ಇರಲಿಲ್ಲ.

ಈ ತೊಡಕು ಮೋಟಾರಿನಷ್ಟೇ ಹಳೆಯದು. 1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಆವರಣದಲ್ಲಿ ಜನರನ್ನು ಕೂರಿಸಿಕೊಂಡು ತೋರಿಕೆಗೆ ಓಡಾಡುತ್ತಿದ್ದ ಕಾರೊಂದು ಬ್ರಿಜೆಟ್ ಡ್ರಿಸ್ಕಾಲ್ ಎಂಬ ಹೆಂಗಸಿಗೆ ಬಡಿದು ಆಕೆ ಸತ್ತಳು. ಬ್ರಿಟನ್ನಿನಲ್ಲಿ ಕಾರು ಬಡಿದು ಸತ್ತ ಮೊದಲ ಪಾದಚಾರಿ ಆಕೆಯೇ ಎನ್ನುತ್ತಾರೆ. ವಿಚಾರಣೆಯಲ್ಲಿ ಒಬ್ಬ ಸಾಕ್ಷಿ, ಗಾಡಿ ಬೆಂಕಿ ಆರಿಸುವ ಬಂಡಿಯ ಹಾಗೆ ಧಾವಿಸಿ ಬಂತು ಎಂದರು. ಚಾಲಕ, ನಾನು ಗಂಟೆಗೆ ನಾಲ್ಕು ಮೈಲಿಯಲ್ಲಿ ಹೋಗುತ್ತಿದ್ದೆ ಎಂದ. ನಾಲ್ಕು ಮೈಲಿ ಎಂದರೆ ಬಿರುಸಾಗಿ ನಡೆಯುವವರ ವೇಗ. ಜ್ಯೂರಿಯವರು ಆಕಸ್ಮಿಕ ಸಾವು ಎಂದು ಬರೆದು ಎದ್ದರು.

ಇದನ್ನು ಓದುವಾಗ ನನಗೆ ನಮ್ಮದೇ ರಾಜ್ಯದ ಒಂದು ಮೊಕದ್ದಮೆ ನೆನಪಾಗುತ್ತದೆ. 1982ರ ನವೆಂಬರ್ 25ರ ಬೆಳಿಗ್ಗೆ ಎಂಟೂವರೆಗೆ, ಜನ ತುಂಬಿದ್ದ ಲಾರಿಯೊಂದು ಹಳ್ಳ ದಾಟುವಾಗ ಮಗುಚಿಬಿತ್ತು. 15 ಜನ ಸತ್ತರು. 279, 304ಎ ಎಲ್ಲ ಹಾಕಿ ಚಾಲಕನ ಮೇಲೆ ಮೊಕದ್ದಮೆ ನಡೆಯಿತು, ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು, ಹೈಕೋರ್ಟು ಬಿಡುಗಡೆ ಮಾಡಿತು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1998ರಲ್ಲಿ ಅಲ್ಲಿಯೂ ಬಿಡುಗಡೆಯೇ ಉಳಿಯಿತು. ಸಾಕ್ಷಿಗಳೆಲ್ಲ 'ಅತಿವೇಗ' ಎಂದಿದ್ದರು, ಅತಿವೇಗ ಎಂದರೆ ಎಷ್ಟು ಎಂದು ಒಬ್ಬರೂ ಹೇಳಿರಲಿಲ್ಲ; ವೇಗ ಹೆಚ್ಚು ಎಂಬುದು ಹೇಳುವವರನ್ನು ಅವಲಂಬಿಸಿದ ಮಾತು, ಅದೊಂದರಿಂದಲೇ ದುಡುಕು ರುಜುವಾತಾಗುವುದಿಲ್ಲ ಎಂದಿತು ನ್ಯಾಯಾಲಯ. ಇನ್ನೊಂದು ಸಂಗತಿಯನ್ನೂ ಎತ್ತಿ ತೋರಿಸಿತು. ಮೋಟಾರು ವಾಹನ ಇನ್‌ಸ್ಪೆಕ್ಟರ್ ಲಾರಿಯನ್ನು ಪರೀಕ್ಷಿಸಿ ವರದಿ ಕೊಟ್ಟಿದ್ದರು. ಆ ವರದಿ ದಾಖಲೆಯಲ್ಲಿ ಇರಲಿಲ್ಲ, ಅವರನ್ನು ಸಾಕ್ಷಿಯಾಗಿ ಕರೆಸಿಯೂ ಇರಲಿಲ್ಲ.

ಚಾಲಕ ತಪ್ಪಿತಸ್ಥನೋ ಅಲ್ಲವೋ, ಆ ಚರ್ಚೆ ಬೇಡ. ನನ್ನನ್ನು ಕಾಡುವುದು ಬೇರೆ. ಲಾರಿ ಯಾಕೆ ಮಗುಚಿತು? ಬ್ರೇಕು ಹೋಗಿತ್ತೋ, ಹಳ್ಳದ ದಂಡೆ ಕುಸಿಯಿತೋ, ಜನ ಹೆಚ್ಚಾಗಿ ತೂಕ ಒಂದು ಕಡೆಗೆ ವಾಲಿತೋ? ಹದಿನಾರು ವರ್ಷ, ನಾಲ್ಕು ಹಂತದ ನ್ಯಾಯಾಲಯ. ಅಷ್ಟಾದ ಮೇಲೂ ಅತಿವೇಗ ಎಂಬ ಪದ ಬಿದ್ದುಹೋಯಿತೇ ಹೊರತು ಅದರ ಜಾಗಕ್ಕೆ ಇನ್ನೊಂದು ಉತ್ತರ ಬಂದು ಕೂರಲಿಲ್ಲ.

ನಮ್ಮ ಠಾಣೆಯವರು ಬರೆಯುವುದರಲ್ಲಿ ಸೋಮಾರಿಗಳು ಎಂದು ಇದರಿಂದ ಯಾರೂ ತಿಳಿಯಬಾರದು. ಸ್ಥಳ ಮಹಜರನ್ನು ಓದಿದವರಿಗೆ ಗೊತ್ತು, ಅದರಲ್ಲಿ ಎಷ್ಟು ವಿವರ ಇರುತ್ತದೆ ಎಂದು. ಇಬ್ಬರು ಪಂಚರನ್ನು ನಿಲ್ಲಿಸಿಕೊಂಡು, ರಸ್ತೆ ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಹೋಗುತ್ತದೆ, ಡಾಂಬರಿನ ಅಗಲ ಎಷ್ಟು ಅಡಿ, ಮಣ್ಣಿನ ಅಂಚು ಎಷ್ಟು, ಗಾಜಿನ ಚೂರು ಎಲ್ಲಿ, ರಕ್ತದ ಕಲೆ ಎಲ್ಲಿ, ಚೆಕ್ಕುಬಂದಿ ಏನು, ಎಲ್ಲ ಬರೆದು ಕೈನಕ್ಷೆ ಹಾಕುತ್ತಾರೆ. ಕೆಲವು ಮಹಜರುಗಳು ಒಳ್ಳೆಯ ಕಥೆಯ ಮೊದಲ ಪುಟದಂತಿರುತ್ತವೆ. ನಾನು ಅನುವಾದಿಸಿದ ಒಂದರಲ್ಲಿ ರಸ್ತೆಯಂಚಿನಲ್ಲಿ ಬಿದ್ದಿದ್ದ ಒಂಟಿ ಚಪ್ಪಲಿಯ ಬಣ್ಣ, ಅದರ ಕಿತ್ತ ಉಂಗುಷ್ಠಕ್ಕೆ ಹಾಕಿದ್ದ ಸೇಫ್ಟಿ ಪಿನ್ನು, ಎರಡನ್ನೂ ಬರೆದಿದ್ದರು.

ಆದರೆ ಆ ಜಾಗಕ್ಕೆ ಇಂದು ಹೋಗಬಲ್ಲಿರಾ? ಪ್ರಥಮ ವರ್ತಮಾನ ವರದಿಯ ನಮೂನೆಯಲ್ಲಿ 'ಪೊಲೀಸ್ ಠಾಣೆಯಿಂದ ಇರುವ ದಿಕ್ಕು ಮತ್ತು ದೂರ' ಎಂಬ ಅಂಕಣ ಇದೆ. 'ಪೂರ್ವಕ್ಕೆ 6 ಕಿ.ಮೀ.' ಎಂದು ತುಂಬುತ್ತಾರೆ. ಕೆಳಗೆ, ಇಂಥವರ ತೋಟದ ಹತ್ತಿರ, ಹುಣಸೆಮರದ ಎದುರು. ಮುಂದೆ ತೋಟ ಮಾರಿ ಲೇಔಟ್ ಆಗುತ್ತದೆ, ರಸ್ತೆ ಅಗಲ ಮಾಡುವಾಗ ಮರ ಹೋಗುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು 500 ಮೀಟರ್ ಉದ್ದದ ತುಂಡೊಂದರಲ್ಲಿ ಮೂರು ವರ್ಷದಲ್ಲಿ 10 ಸಾವು ಆದರೆ ಅದನ್ನು 'ಬ್ಲ್ಯಾಕ್ ಸ್ಪಾಟ್' ಎನ್ನಬೇಕು ಎಂದು ನಿಯಮ ಇದೆ. ಪೂರ್ವಕ್ಕೆ 6 ಕಿ.ಮೀ. ಎಂಬ ಲೆಕ್ಕದಲ್ಲಿ 500 ಮೀಟರನ್ನು ಹುಡುಕುವುದು ಹೇಗೆ? ಒಂದೇ ತಿರುವಿನಲ್ಲಿ ಸತ್ತ ಹತ್ತು ಜನ ಹತ್ತು ಕಡತಗಳಲ್ಲಿ ಹತ್ತು ಬೇರೆ ಬೇರೆ ಮರಗಳ ಎದುರು ಸತ್ತಿರುತ್ತಾರೆ.

ಪರಿಹಾರದ ಕಾನೂನು ಬಂದಾಗಲಾದರೂ ದಾಖಲೆಯ ದಿಕ್ಕು ಬದಲಾಗಬಹುದಿತ್ತು. ಮೊದಲು ಸತ್ತವರ ಮನೆಯವರು 1855ರ ಫೇಟಲ್ ಆಕ್ಸಿಡೆಂಟ್ಸ್ ಆ್ಯಕ್ಟ್ ಹಿಡಿದು ಸಿವಿಲ್ ದಾವೆ ಹೂಡಬೇಕಿತ್ತು. 1939ರ ಮೋಟಾರು ವಾಹನ ಕಾಯ್ದೆಗೆ 1956ರಲ್ಲಿ ತಿದ್ದುಪಡಿ ತಂದು ಪ್ರತ್ಯೇಕ ಪರಿಹಾರ ನ್ಯಾಯಮಂಡಳಿಗಳಿಗೆ ಅವಕಾಶ ಮಾಡಿದರು. 1988ರ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿ, ಪೊಲೀಸರೇ 30 ದಿನದೊಳಗೆ ನ್ಯಾಯಮಂಡಳಿಗೆ ವರದಿ ಕಳಿಸಬೇಕು, ಆ ವರದಿಯನ್ನೇ ಅರ್ಜಿ ಎಂದು ಭಾವಿಸಬೇಕು ಎಂದಿತು. ಒಳ್ಳೆಯ ಆಲೋಚನೆ. ಪಾಲಿಸಿದ್ದು ಕಡಿಮೆ. ಪಾಲಿಸಿ ಎಂದು ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಬೇಕಾಯಿತು. ಇನ್ನು, ಅದಕ್ಕೆಂದು ಇದ್ದ 54ನೇ ನಮೂನೆಯನ್ನು ನೋಡಿ. ಗಾಯಾಳುವಿನ ಹೆಸರು, ಆಸ್ಪತ್ರೆ, ವಾಹನದ ನೋಂದಣಿ ಸಂಖ್ಯೆ, ಚಾಲಕನ ಲೈಸೆನ್ಸು, ಮಾಲೀಕ, ವಿಮಾ ಕಂಪನಿ, ಪಾಲಿಸಿ ಚಾಲ್ತಿಯಲ್ಲಿದೆಯೇ. ಹಣ ಯಾರು ಕೊಡಬೇಕು ಎಂದು ತಿಳಿಯಲು ಇಷ್ಟು ಸಾಕು. ರಸ್ತೆಯ ಬಗ್ಗೆ, ಬೆಳಕಿನ ಬಗ್ಗೆ, ಹೆಲ್ಮೆಟ್ಟಿನ ಬಗ್ಗೆ ಅದರಲ್ಲಿ ಒಂದು ಪ್ರಶ್ನೆಯೂ ಇರಲಿಲ್ಲ.

ಬ್ರಿಟನ್ ಈ ವಿಷಯದಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ 1949ರಿಂದ 'ಸ್ಟಾಟ್ಸ್19' ಎಂಬ ನಮೂನೆ ಇದೆ. ಯಾರಿಗಾದರೂ ಗಾಯವಾದ ಅಪಘಾತ ಪೊಲೀಸರ ಗಮನಕ್ಕೆ ಬಂದರೆ ಅದನ್ನು ತುಂಬಬೇಕು. ಅಪರಾಧ ಯಾರದು ಎಂಬ ತನಿಖೆ ಬೇರೆ, ಈ ಕಾಗದ ಬೇರೆ. 2005ರಿಂದ ಅದರಲ್ಲಿ ಕಾರಣಗಳನ್ನೂ ಕೇಳತೊಡಗಿದರು. ಒಂದು ಅಪಘಾತಕ್ಕೆ ಆರರ ತನಕ ಗುರುತು ಹಾಕಬಹುದಿತ್ತು. ಆರು ಎಂಬ ಸಂಖ್ಯೆ ನನಗೆ ಬಹಳ ಹಿಡಿಸಿತು. ಮಳೆ, ಸವೆದ ಟೈರು, ಕತ್ತಲು, ಅವಸರ, ಎಲ್ಲ ಒಟ್ಟಿಗೆ ಸೇರಿಯೇ ಅಲ್ಲವೇ ಒಬ್ಬ ಮನುಷ್ಯ ಸಾಯುವುದು?

ನಮ್ಮಲ್ಲಿ ವಾಕ್ಯ ಹೇಗೆ ಅಂಕಿಯಾಯಿತು ಎಂಬುದೇ ಈ ಇತಿಹಾಸದ ಮುಖ್ಯ ಅಧ್ಯಾಯ. ಠಾಣೆಯ ಕಡತಗಳಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ, ರಾಜ್ಯದಿಂದ ದೆಹಲಿಗೆ ಕೋಷ್ಟಕಗಳು ಹೋಗುತ್ತವೆ. ಕೇಂದ್ರ ಸಾರಿಗೆ ಸಚಿವಾಲಯದ ವಾರ್ಷಿಕ ವರದಿಗಳು ಬಹಳ ಕಾಲ 'ಚಾಲಕರ ತಪ್ಪು' ಎಂಬ ಒಂದೇ ಸಾಲಿಗೆ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಅಪಘಾತಗಳನ್ನು ಹಾಕುತ್ತಿದ್ದವು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜನರ ಸಾವಿಗೆ ಕಾರಣ ಅತಿವೇಗ ಎನ್ನುತ್ತದೆ ಆ ವರ್ಷದ ವರದಿ. ವೇಗ ಕೊಲ್ಲುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಈ ಅಂಕಿಯನ್ನು ನೋಡಿದಾಗ ನನಗೆ ಕಾಣುವುದು ಸ್ಪೀಡೋಮೀಟರ್ ಅಲ್ಲ. ರೈಟರ್ ಬರೆಯುವ ಮೊದಲ ಸಾಲು.

ಕೆಲವೊಮ್ಮೆ ಉಲ್ಟಾ ಕೂಡ ಆಗುತ್ತದೆ, ಕಡತದಲ್ಲಿ ಸತ್ಯ ಇರುತ್ತದೆ, ಕೋಷ್ಟಕಕ್ಕೆ ಹೋಗುವಾಗ ಸೋರಿಹೋಗುತ್ತದೆ. ಸತ್ತವರಲ್ಲಿ ಹತ್ತರಲ್ಲಿ ಒಬ್ಬರು ಮಾತ್ರ ಪಾದಚಾರಿ ಎಂದು ಅಧಿಕೃತ ವರದಿಗಳು ಹೇಳುತ್ತಿದ್ದ ಕಾಲವಿತ್ತು. ದೆಹಲಿ ಐಐಟಿಯ ದಿನೇಶ್ ಮೋಹನ್, ಗೀತಂ ತಿವಾರಿ ಮತ್ತವರ ಸಹೋದ್ಯೋಗಿಗಳು ಕೋಷ್ಟಕವನ್ನು ಬದಿಗಿಟ್ಟು ಎಫ್‌ಐಆರ್‌ಗಳನ್ನೇ ಓದಿದರು. ಪಾದಚಾರಿಗಳು ಸುಮಾರು ಮೂರರಲ್ಲಿ ಒಬ್ಬರು ಎಂದು ಕಂಡಿತು. ನಡೆದು ಹೋಗುವವರು ಕಾನ್‌ಸ್ಟೆಬಲ್‌ನ ಬರಹದಲ್ಲಿ ಇದ್ದರು, ಸರ್ಕಾರದ ಲೆಕ್ಕದಲ್ಲಿ ಇರಲಿಲ್ಲ. ಲೆಕ್ಕದಲ್ಲಿ ಇಲ್ಲದವರಿಗೆ ಫುಟ್‌ಪಾತ್ ಯಾರು ಕಟ್ಟುತ್ತಾರೆ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಜಿ. ಗುರುರಾಜ್ ಅವರ ತಂಡ ಠಾಣೆಯ ಲೆಕ್ಕವನ್ನೂ ಆಸ್ಪತ್ರೆಯ ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಗಾಯಾಳುಗಳಲ್ಲಿ ಎಷ್ಟೋ ಜನ ಠಾಣೆಯ ಪುಸ್ತಕಕ್ಕೆ ಬಂದೇ ಇರಲಿಲ್ಲ. ಬರುವುದಾದರೂ ಹೇಗೆ? ರಕ್ತ ಸುರಿಯುವಾಗ ಯಾರೂ ಮೊದಲು ಠಾಣೆಗೆ ಓಡುವುದಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟೇ ಇದನ್ನು ಒಪ್ಪಿ, ದೂರು ತಡವಾಯಿತು ಎಂಬ ಒಂದೇ ಕಾರಣಕ್ಕೆ ಪರಿಹಾರದ ಅರ್ಜಿಯನ್ನು ತಳ್ಳಿಹಾಕಬಾರದು ಎಂದಿತು. ನಾನು ನೋಡಿದ ಕಡತಗಳಲ್ಲಿ ಜಗಳ ಹೆಚ್ಚಾಗಿ ಅಲ್ಲಿಯೇ. ಆಸ್ಪತ್ರೆಯ ಚೀಟಿಯಲ್ಲಿ 'ಬೈಕಿನಿಂದ ಬಿದ್ದು' ಎಂದು ಅವಸರದಲ್ಲಿ ಬರೆದ ಎರಡು ಪದದಿಂದ ಒಂದು ಸಂಸಾರದ ಹತ್ತು ವರ್ಷ ಅಲ್ಲಾಡಿಹೋಗುತ್ತಿತ್ತು.

ಬದಲಾವಣೆ ಶುರುವಾಗಿದ್ದು ಇತ್ತೀಚೆಗೆ. ಸಾರಿಗೆ ಸಚಿವಾಲಯ ಹೊಸ ದಾಖಲೆ ನಮೂನೆಯೊಂದನ್ನು ರಾಜ್ಯಗಳಿಗೆ ಕಳಿಸಿತು. ಅದರಲ್ಲಿ ರಸ್ತೆಗೆ, ವಾಹನಕ್ಕೆ, ಚಾಲಕನಿಗೆ, ಉಳಿದವರಿಗೆ ಬೇರೆ ಬೇರೆ ಭಾಗಗಳಿದ್ದವು. 2019ರಲ್ಲಿ ಕಾಯ್ದೆಗೆ 198ಎ ಕಲಂ ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆ ಗುಣಮಟ್ಟಕ್ಕೆ ತಕ್ಕಂತಿಲ್ಲದೆ ಸಾವಾದರೆ ಗುತ್ತಿಗೆದಾರ, ಸಲಹೆಗಾರ ಅಥವಾ ಪ್ರಾಧಿಕಾರಕ್ಕೆ ಒಂದು ಲಕ್ಷ ರೂಪಾಯಿವರೆಗೆ ದಂಡ. ದಂಡದ ಮೊತ್ತಕ್ಕೆ ನಗಬೇಕೆನಿಸಬಹುದು. ಆದರೂ ಸ್ಟಿಯರಿಂಗ್ ಹಿಡಿಯದವರೂ ಅಪಘಾತಕ್ಕೆ ಕಾರಣರಾಗಬಹುದು ಎಂದು ಆ ಕಲಂ ಒಪ್ಪಿಕೊಂಡಿತು. 2022ರ ಏಪ್ರಿಲ್‌ನಿಂದ ಜಾರಿಯಾದ ನಿಯಮಗಳು ಕಾಲಮಿತಿ ಹಾಕಿದವು: ಮೊದಲ ವರದಿ 48 ಗಂಟೆಯೊಳಗೆ, ಮಧ್ಯಂತರ ವರದಿ 50 ದಿನದೊಳಗೆ, ವಿವರ ವರದಿ 90 ದಿನದೊಳಗೆ.

ಇದರ ಜೊತೆಗೆ ಬಂದದ್ದು ಐರ್ಯಾಡ್ ಎಂಬ ಮೊಬೈಲ್ ವ್ಯವಸ್ಥೆ. ಮದ್ರಾಸ್ ಐಐಟಿ ರೂಪಿಸಿದ್ದು, 2021ರ ಹೊತ್ತಿಗೆ ಪ್ರಯೋಗಕ್ಕೆ ಆರಿಸಿಕೊಂಡ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸ್ಥಳಕ್ಕೆ ಹೋದ ಪೊಲೀಸರು ಅಲ್ಲಿಯೇ ಫೋಟೋ, ವಿಡಿಯೋ ತೆಗೆದು ವಿವರ ತುಂಬುತ್ತಾರೆ. ಅಕ್ಷಾಂಶ ರೇಖಾಂಶ ಫೋನೇ ಬರೆದುಕೊಳ್ಳುತ್ತದೆ. ಅಪಘಾತಕ್ಕೆ ಒಂದು ಗುರುತಿನ ಸಂಖ್ಯೆ ಹುಟ್ಟುತ್ತದೆ, ಅದರ ಬೆನ್ನಿಗೇ ಲೋಕೋಪಯೋಗಿ ಇಲಾಖೆಯ ಅಥವಾ ಸ್ಥಳೀಯ ಸಂಸ್ಥೆಯ ಎಂಜಿನಿಯರ್ ಮೊಬೈಲಿಗೆ ಸೂಚನೆ ಹೋಗುತ್ತದೆ. ಅವರು ಬಂದು ರಸ್ತೆಯನ್ನು ನೋಡಿ ತಮ್ಮ ಪಾಲಿನ ಅಂಕಣ ತುಂಬಬೇಕು. ಸಾರಿಗೆ ಇಲಾಖೆ, ಆಸ್ಪತ್ರೆ ಎರಡಕ್ಕೂ ಬೇರೆ ಅಂಕಣಗಳಿವೆ. 1982ರ ಆ ಲಾರಿಯ ಕಡತದಲ್ಲಿ ಸಿಗದೆ ಹೋದದ್ದು ಇಂಥ ಅಂಕಣದ ಕಾಗದವೇ.

ನನಗೆ ಈ ವ್ಯವಸ್ಥೆಯಲ್ಲಿ ನಂಬಿಕೆ ಇದೆ, ಕುತೂಹಲ ಅದಕ್ಕಿಂತ ಹೆಚ್ಚು. ಪಟ್ಟಿಯಿಂದ ಕಾರಣ ಆರಿಸುವ ಬೆರಳು ಹಳೆಯದೇ ಅಲ್ಲವೇ? ತುಂಬಾ ದಿನದ ಅಭ್ಯಾಸ ಅದನ್ನು ಎಲ್ಲಿಗೆ ಕರೆದೊಯ್ಯುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಎಂಜಿನಿಯರ್ ತುಂಬಬೇಕಾದ ಭಾಗ ತುಂಬಿದೆಯೋ ಇಲ್ಲವೋ ಎಂದು ನೋಡುವವರು ಬೇಕು, ತನ್ನ ಇಲಾಖೆಯದೇ ರಸ್ತೆಯಲ್ಲಿ ತಪ್ಪಿದೆ ಎಂದು ಅವರು ಬರೆಯಬೇಕು.

2024ರ ಜುಲೈ 1ರಿಂದ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 304ಎ ಈಗ 106, ಶಿಕ್ಷೆ ಎರಡು ವರ್ಷದಿಂದ ಐದಕ್ಕೆ ಏರಿದೆ. 279 ಈಗ 281. ಕುದುರೆ ಗಾಡಿಯ ಕಾಲದ ಮಾತುಗಳು ಅದರಲ್ಲಿ ಹಾಗೆಯೇ ಇವೆ. ಈಚೆಗೆ ಗೆಳೆಯರೊಬ್ಬರು ಹೊಸ ಕಾಯ್ದೆಯಡಿ ದಾಖಲಾದ ಒಂದು ಎಫ್‌ಐಆರ್ ತೋರಿಸಿದರು. ಕಲಂ ಸಂಖ್ಯೆಗಳು ಹೊಸವು. ಠಾಣೆಯಿಂದ ದಿಕ್ಕು ಮತ್ತು ದೂರ: ಪಶ್ಚಿಮಕ್ಕೆ 3 ಕಿ.ಮೀ. ದೂರಿನ ಮೊದಲ ಸಾಲನ್ನು ನಾನು ಓದಲಿಲ್ಲ, ಗೊತ್ತಿತ್ತು.