ರಾಮನಗರದ ಮಣಿಸರದಿಂದ ಮನೆಯೊಳಗಿನ ಹಾರ್ಮೋನ್ ಪರೀಕ್ಷೆಗೆ

1950ರ ದಶಕದ ಆರಂಭದಲ್ಲಿ ರಾಮನಗರದ ಹೆಂಗಸರ ಕೈಗೆ ಬಣ್ಣದ ಮಣಿಗಳ ಸರವೊಂದು ಬಂತು. ದಿನಕ್ಕೊಂದು ಮಣಿ ಸರಿಸಬೇಕು. ಆ ದಿನದ ಮಣಿಯ ಬಣ್ಣ ನೋಡಿ ಗಂಡನೊಡನೆ ಕೂಡಬಹುದೇ, ದೂರವಿರಬೇಕೇ ಎಂದು ತಿಳಿಯಬೇಕು. ಆಗಿನ ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಅನುಯಾಯಿ, ಸಂತಾನ ನಿಯಂತ್ರಣದ ಕೃತಕ ಸಾಧನಗಳನ್ನು ಒಪ್ಪದವರು. ಅವರ ಕೋರಿಕೆಯಂತೆ ವಿಶ್ವ ಆರೋಗ್ಯ ಸಂಸ್ಥೆ 1951ರಲ್ಲಿ ಅಮೆರಿಕದ ವೈದ್ಯ ಏಬ್ರಹಾಂ ಸ್ಟೋನ್ ಅವರನ್ನು ಭಾರತಕ್ಕೆ ಕಳಿಸಿತು. ದೆಹಲಿಯ ಲೋದಿ ಕಾಲೊನಿ ಮತ್ತು ಮೈಸೂರು ರಾಜ್ಯದ ರಾಮನಗರ, ಈ ಎರಡು ಕಡೆ ‘ಸುರಕ್ಷಿತ ದಿನ’ಗಳ ಪ್ರಯೋಗ ನಡೆಯಿತು. ಅಂದುಕೊಂಡಷ್ಟು ಫಲ ಸಿಗಲಿಲ್ಲ.

ಹೆಂಗಸರಿಗೆ ಎಣಿಸಲು ಬರಲಿಲ್ಲ ಎಂದು ಇದನ್ನು ತಳ್ಳಿಹಾಕುವುದು ಅನ್ಯಾಯ. ಕುಂದು ಲೆಕ್ಕದಲ್ಲೇ ಇತ್ತು. ಜಪಾನಿನ ಒಗಿನೊ ಕ್ಯೂಸಾಕು 1924ರಲ್ಲಿ ಕಂಡುಕೊಂಡಿದ್ದು ಇಷ್ಟು: ಮುಂದಿನ ಮುಟ್ಟಿಗೆ 12ರಿಂದ 16 ದಿನ ಮೊದಲು ಅಂಡ ಬಿಡುಗಡೆಯಾಗುತ್ತದೆ. ಆಸ್ಟ್ರಿಯಾದ ಹರ್ಮನ್ ಕ್ನಾವ್ಸ್ ಕೂಡ ಕೆಲವೇ ವರ್ಷಗಳಲ್ಲಿ ಬೇರೆ ದಾರಿಯಿಂದ ಇದೇ ತೀರ್ಮಾನಕ್ಕೆ ಬಂದರು. ಆದರೆ ಮುಂದಿನ ಮುಟ್ಟು ಯಾವತ್ತು ಎಂಬುದು ಮುಂಚೆಯೇ ಯಾರಿಗೆ ಗೊತ್ತು? ಕಳೆದ ತಿಂಗಳುಗಳ ಲೆಕ್ಕ ಇಟ್ಟುಕೊಂಡು ಊಹಿಸಬೇಕು. ಜ್ವರವೋ, ಓಡಾಟವೋ, ಮನೆಯ ಚಿಂತೆಯೋ ಬಂದು ಅಂಡ ಒಂದು ವಾರ ತಡವಾದರೆ ಕ್ಯಾಲೆಂಡರಿಗೆ ಅದರ ಸುಳಿವೇ ಇರುವುದಿಲ್ಲ.

ಬೆಳಗ್ಗೆ ಏಳುವ ಮೊದಲು ಮೈಯ ತಾಪ ಅಳೆಯುವ ಕ್ರಮ 1930ರ ದಶಕದಲ್ಲಿ ಬಳಕೆಗೆ ಬಂತು. ಅಂಡ ಬಿಡುಗಡೆಯಾದ ಮೇಲೆ ತಾಪ ಸ್ವಲ್ಪ ಏರುತ್ತದೆ. ಖಚಿತವಾದ ಗುರುತೇನೋ ಹೌದು, ಆದರೆ ಆದ ಮೇಲೆ ಸಿಗುವ ಗುರುತು. ಮುಂಚೆ ಸಿಗುವ ಗುರುತನ್ನು ಹಿಡಿದುಕೊಟ್ಟವರು ಮೆಲ್ಬರ್ನಿನ ವೈದ್ಯ ದಂಪತಿ ಜಾನ್ ಮತ್ತು ಎವೆಲಿನ್ ಬಿಲ್ಲಿಂಗ್ಸ್. ಅಂಡ ಬಿಡುಗಡೆಗೆ ಮುನ್ನ ಗರ್ಭಕಂಠದ ಸ್ರಾವ ತೆಳುವಾಗಿ, ಜಾರುವಂತಾಗಿ, ಮೊಟ್ಟೆಯ ಬಿಳಿಯ ಹಾಗೆ ಎಳೆ ಎಳೆಯಾಗುತ್ತದೆ. ದೇಹವೇ ಕೊಡುವ ಈ ಸೂಚನೆಯನ್ನು ಹೆಣ್ಣುಮಗಳು ತಾನೇ ಗಮನಿಸಿ ಬರೆದಿಡಬಹುದು.

ಇದನ್ನು ಒರೆಗೆ ಹಚ್ಚಲು ವಿಶ್ವ ಆರೋಗ್ಯ ಸಂಸ್ಥೆ ಆರಿಸಿದ ಐದು ಊರುಗಳಲ್ಲಿ ಬೆಂಗಳೂರೂ ಒಂದು. ಆಕ್ಲೆಂಡ್, ಡಬ್ಲಿನ್, ಮನಿಲಾ, ಸಾನ್ ಮಿಗೆಲ್ ಉಳಿದವು. ಫಲಿತಾಂಶ 1981ರಲ್ಲಿ ಪ್ರಕಟವಾಯಿತು. ಓದು, ಆಚಾರ, ಸಂಸ್ಕೃತಿ ಎಲ್ಲ ಬೇರೆ ಬೇರೆಯಾಗಿದ್ದ ಆ ಹೆಂಗಸರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಮೊದಲ ಮುಟ್ಟಿನ ಚಕ್ರದಲ್ಲೇ ಸ್ರಾವದ ಗುರುತು ಹಿಡಿದರು. ಆದರೂ 13 ಚಕ್ರ ಮುಗಿಯುವಷ್ಟರಲ್ಲಿ ನೂರಕ್ಕೆ ಸುಮಾರು 20 ಮಂದಿ ಬಸಿರಾದರು. ನಿಯಮ ತಪ್ಪದವರಲ್ಲಿ ಈ ಸಂಖ್ಯೆ 3ರ ಆಸುಪಾಸು. ಗುರುತು ಕಾಣುವುದು ಬೇರೆ, ಕಂಡ ದಿನ ಗಂಡ ಹೆಂಡತಿ ಇಬ್ಬರೂ ದೂರವಿರುವುದು ಬೇರೆ. ಈ ಅಂತರವನ್ನು ಯಾವ ಯಂತ್ರವೂ ಪೂರ್ತಿ ಮುಚ್ಚಲಾರದು ಎಂದೇ ನನ್ನ ನಂಬಿಕೆ.

ಹಾರ್ಮೋನಿನ ಕಥೆ ಇದರ ಪಕ್ಕದಲ್ಲೇ ಬೆಳೆಯಿತು. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಜೇಮ್ಸ್ ಬ್ರೌನ್ ಎಡಿನ್‌ಬರೋದಲ್ಲಿದ್ದಾಗ, 1955ರಲ್ಲಿ, ಮೂತ್ರದಲ್ಲಿನ ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನನ್ನು ಅಳೆಯುವ ವಿಧಾನ ಪ್ರಕಟಿಸಿದರು. ಮುಂದೆ ಮೆಲ್ಬರ್ನಿಗೆ ಬಂದು ಬಿಲ್ಲಿಂಗ್ಸ್ ದಂಪತಿಯ ಸ್ರಾವದ ಗುರುತುಗಳನ್ನು ಹಾರ್ಮೋನಿನ ಲೆಕ್ಕದೊಂದಿಗೆ ತಾಳೆ ನೋಡಿದರು. ಆಗ ಇಡೀ ದಿನದ ಮೂತ್ರ ಕೂಡಿಡಬೇಕು, ಅದನ್ನು ಪ್ರಯೋಗಾಲಯಕ್ಕೆ ಒಯ್ಯಬೇಕು. ಆ ಅಳತೆಯನ್ನು ಹೆಣ್ಣುಮಕ್ಕಳೇ ಮನೆಯಲ್ಲಿ ಮಾಡಿಕೊಳ್ಳುವಂತೆ ಮಾಡಲು ಬ್ರೌನ್ ದಶಕಗಳ ಕಾಲ ದುಡಿದರು. ಅವರ ‘ಒವೇರಿಯನ್ ಮಾನಿಟರ್’ ಆ ದುಡಿಮೆಯ ಫಲ.

ಮನೆ ಪರೀಕ್ಷೆ ನಿಜಕ್ಕೂ ಸುಲಭವಾದದ್ದು 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಎಂಬ ವಿಜ್ಞಾನಿಗಳು ಒಂದೇ ಬಗೆಯ ಪ್ರತಿಕಾಯ ತಯಾರಿಸುವ ದಾರಿ ತೋರಿದ ನಂತರ. ಅದರಿಂದ ಹಾರ್ಮೋನನ್ನು ಗುರುತಿಸುವ ಕಾಗದದ ಪಟ್ಟಿಯ ಪರೀಕ್ಷೆಗಳು ಬಂದವು. ಬ್ರಿಟನ್ನಿನಲ್ಲಿ 1996ರಲ್ಲಿ ಬಂದ ‘ಪರ್ಸೋನಾ’ ಎಂಬ ಪುಟ್ಟ ಯಂತ್ರ, ಕೂಡಬಾರದ ದಿನ ಕೆಂಪು ದೀಪ, ಉಳಿದ ದಿನ ಹಸಿರು ದೀಪ ತೋರಿಸುತ್ತಿತ್ತು.

ಬೆಳಗಿನ ಮೊದಲ ಮೂತ್ರದಲ್ಲಿ ಪಟ್ಟಿ ಅದ್ದಿ ಇಂಥ ಯಂತ್ರಕ್ಕೆ ಸಿಕ್ಕಿಸಿದರೆ ಅದು ಎರಡು ಗೆರೆಗಳನ್ನು ಓದುತ್ತದೆ. ಒಂದು ಈಸ್ಟ್ರೋಜೆನ್ ಒಡೆದು ಬಂದ ಅಂಶದ್ದು. ಇದರ ನಡೆ ತಿರುಗುಮುರುಗು: ಹಾರ್ಮೋನು ಹೆಚ್ಚಿದಷ್ಟೂ ಗೆರೆ ಮಸುಕು. ಇನ್ನೊಂದು ಅಂಡವನ್ನು ಹೊರಡಿಸುವ ಎಲ್‌ಎಚ್ ಎಂಬ ಹಾರ್ಮೋನಿನದು. ಅದು ಏರಿದರೆ ಗೆರೆ ಗಾಢ. ಮೊದಲನೆಯದು ಫಲವಂತ ದಿನಗಳು ಶುರುವಾದವು ಎನ್ನುತ್ತದೆ, ಎರಡನೆಯದು ಅಂಡ ಇನ್ನೇನು ಹೊರಡಲಿದೆ ಎನ್ನುತ್ತದೆ.

ಇಂಥ ಯಂತ್ರವನ್ನು ಶಿಸ್ತಿನ ವಿಧಾನವಾಗಿ ಕಟ್ಟಿದ್ದು ಅಮೆರಿಕದ ಮಿಲ್ವಾಕಿಯ ಮಾರ್ಕೆಟ್ ವಿಶ್ವವಿದ್ಯಾಲಯದ ರಿಚರ್ಡ್ ಫೆರಿಂಗ್ ಮತ್ತವರ ಸಂಗಡಿಗರು. ಅವರು 2013ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ, ಒಂದು ವರ್ಷದಲ್ಲಿ ಯಂತ್ರ ಬಳಸಿದ ನೂರರಲ್ಲಿ 7 ಮಂದಿ ಬೇಡದ ಬಸಿರು ಕಂಡರೆ, ಸ್ರಾವವನ್ನಷ್ಟೇ ನಂಬಿದವರಲ್ಲಿ 18.5. ನಿಯಮ ತಪ್ಪದೆ ಯಂತ್ರ ಬಳಸಿದವರಲ್ಲಿ ಒಬ್ಬರೂ ಬಸಿರಾಗಲಿಲ್ಲ.

ಈಗಿನ ಹೊಸ ಉಪಕರಣಗಳು ಅಂಡ ಬಿಡುಗಡೆಯಾಯಿತು ಎಂಬುದನ್ನೂ ಪ್ರೊಜೆಸ್ಟರಾನ್ ಅಂಶದಿಂದ ದೃಢಪಡಿಸುತ್ತವೆ, ಹಾರ್ಮೋನಿನ ಪ್ರಮಾಣವನ್ನು ಅಂಕಿಗಳಲ್ಲೇ ಕೊಡುತ್ತವೆ. ಬೆಂಗಳೂರಿನಲ್ಲಿ ಶುರುವಾದ ‘ಇನಿಟೋ’ ಮೊಬೈಲಿಗೆ ಸಿಕ್ಕಿಸಿ ಓದುವ ಬಗೆಯದು. ಮಣಿ ಸರಿಸಿದ ರಾಮನಗರಕ್ಕೂ ಅದಕ್ಕೂ ಐವತ್ತು ಕಿಲೋಮೀಟರಿನ ದಾರಿ. ಆದರೆ ಇನಿಟೋ ಮುಖ್ಯವಾಗಿ ಮಗು ಬಯಸುವವರಿಗಾಗಿ ಮಾಡಿದ್ದು. ಮುಟ್ಟು ಏರುಪೇರಾಗುವ ಪಿಸಿಒಎಸ್ ತೊಂದರೆ ಇರುವವರಿಗೆ, ಮೊಲೆಯೂಡಿಸುವ ತಾಯಂದಿರಿಗೆ, ಮುಟ್ಟು ನಿಲ್ಲುವ ವಯಸ್ಸಿನವರಿಗೆ ಗೆರೆಗಳನ್ನು ಅರ್ಥ ಮಾಡಿಕೊಳ್ಳುವುದು ಇಂದಿಗೂ ಕಷ್ಟ.

ಕೊನೆಗೊಂದು ಮಾತು. ಮೆಡಿಕಲ್ ಶಾಪಿನಲ್ಲಿ ಸಿಗುವ ಅಂಡೋತ್ಪತ್ತಿ ಕಿಟ್ ಅಳೆಯುವುದು ಎಲ್‌ಎಚ್ ಒಂದನ್ನೇ. ಆ ಹಾರ್ಮೋನು ಏರುವುದು ಅಂಡ ಬಿಡುಗಡೆಗೆ ಒಂದು ಒಂದೂವರೆ ದಿನ ಮೊದಲು. ಗಂಡಿನ ವೀರ್ಯಾಣುವೋ ಐದು ದಿನದವರೆಗೆ ಬದುಕಿರಬಲ್ಲದು. ಅಂದರೆ ಗೆರೆ ಗಾಢವಾಗುವ ಹೊತ್ತಿಗೆ ಅಪಾಯದ ದಿನಗಳು ಅರ್ಧಕ್ಕಿಂತ ಹೆಚ್ಚು ಕಳೆದಿರುತ್ತವೆ. ಬಸಿರು ಬೇಡವೆನ್ನುವವರು ದಯವಿಟ್ಟು ಆ ಕಿಟ್ಟನ್ನು ನೆಚ್ಚಬೇಡಿ. ಈ ಹಾದಿ ಹಿಡಿಯುವ ಮನಸ್ಸಿದ್ದರೆ ಬಲ್ಲ ವೈದ್ಯರಲ್ಲಿಗೆ ಗಂಡ ಹೆಂಡತಿ ಒಟ್ಟಿಗೇ ಹೋಗಿ ಕಲಿಯಿರಿ.