ಮೇಕೆಗಳು ಹಾಕಿಕೊಟ್ಟ ಲೆಕ್ಕ

ಇವತ್ತಿನ ಮಾತನ್ನು ಒಂದು ಸುಳ್ಳಿನಿಂದ ಶುರು ಮಾಡ್ತೀನಿ. ಬೇರೆ ಯಾರದ್ದೋ ಅಲ್ಲ, ನಾನೇ ಹೇಳಿದ ಸುಳ್ಳು.

ಮೂರು ವರ್ಷದ ಹಿಂದೆ ನೇತ್ರಾಣಿಗೆ ಡೈವಿಂಗ್‌ಗೆ ಹೋಗಿದ್ದೆ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ದ್ವೀಪ. ಜೊತೆಗೆ ಚಿಕ್ಕಪ್ಪನ ಮಗ. ಎರಡು ದಿನ, ನಾಲ್ಕು ಡೈವ್. ಕೊನೆಯದು ಭಾನುವಾರ ಬೆಳಗ್ಗೆ, 16 ಮೀಟರ್ ಆಳಕ್ಕೆ. ದೋಣಿ ದಡಕ್ಕೆ ಬಂದಾಗ ನಮ್ಮನ್ನು ಇಳಿಸಿದ್ದ ಡೈವಿಂಗ್ ಮೇಷ್ಟ್ರು ಕೇಳಿದರು, "ಇವತ್ತೇ ಘಟ್ಟ ಹತ್ತುದಾ ಸರ್?" ನಾನು, "ಇಲ್ಲ ಅಣ್ಣ, ರೂಮ್ ಇದೆ, ನಾಳೆ ಹೊರಡೋದು" ಅಂದೆ. ರೂಮೂ ಇರಲಿಲ್ಲ, ನಾಳೆಯೂ ಇರಲಿಲ್ಲ. ಸೋಮವಾರ ಬೆಳಗಿನ ಬುಲೆಟಿನ್ ಇತ್ತು. ಊಟ ಮುಗಿಸಿ ಹೊನ್ನಾವರ ದಾಟಿ ಗೇರುಸೊಪ್ಪೆ ಘಾಟಿ ಹತ್ತಿದೆವು. ಜೋಗ ಹತ್ತಿರ ಬರುವಾಗ ತಮ್ಮ ಎಡ ಭುಜ ಹಿಡ್ಕೊಂಡ. "ಅಣ್ಣಾ, ಒಳಗಿನಿಂದ ನೋಯ್ತಿದೆ." ಸಿಲಿಂಡರ್ ಎತ್ತಿದ್ದಕ್ಕೆ ಇರಬೇಕು ಅಂದೆ. ಸಾಗರದಲ್ಲಿ ಒಂದು ನೋವಿನ ಮಾತ್ರೆ ತಗೊಂಡ. ಅವನ ಕೈಯಲ್ಲಿದ್ದ ಡೈವ್ ಕಂಪ್ಯೂಟರ್‌ನಲ್ಲಿ ವಿಮಾನದ ಚಿತ್ರದ ಮೇಲೆ ಅಡ್ಡಗೆರೆ ಕಾಣ್ತಿತ್ತು. ಸದ್ಯಕ್ಕೆ ವಿಮಾನ ಹತ್ತಬೇಡಿ ಅಂತ ಅದರ ಅರ್ಥ. ನಾವಿದ್ದದ್ದು ಕಾರಿನಲ್ಲಿ ತಾನೆ? ಇಬ್ಬರೂ ನಕ್ಕೆವು. ಇಬ್ಬರೂ ಇಂಜಿನಿಯರಿಂಗ್ ಓದಿದವರು, ಮರೆಯಬೇಡಿ.

ಆ ಭುಜದ ನೋವಿನ ಇತಿಹಾಸ ನಾನು ಓದಿದ್ದು ಆಮೇಲೆ.

ಗೋಲಿ ಸೋಡಾ ನೆನಪಿದೆಯಲ್ವಾ? ಗೋಲಿ ಒಳಕ್ಕೆ ಒತ್ತುವ ತನಕ ಬಾಟಲಿಯಲ್ಲಿ ಒಂದು ಗುಳ್ಳೆಯೂ ಕಾಣಲ್ಲ. ಒತ್ತಿದ ತಕ್ಷಣ ನೊರೆ. ಒತ್ತಡ ಇರುವಷ್ಟು ಹೊತ್ತು ಅನಿಲ ನೀರಿನಲ್ಲಿ ಕರಗಿರುತ್ತೆ, ಒತ್ತಡ ಇಳಿದರೆ ಗುಳ್ಳೆಯಾಗಿ ಹೊರಬರುತ್ತೆ. ಸಮುದ್ರದಲ್ಲಿ ಪ್ರತಿ 10 ಮೀಟರ್‌ಗೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತೆ. ಮೂವತ್ತು ಮೀಟರ್ ಕೆಳಗೆ ಮೈಮೇಲೆ ನಾಲ್ಕು ಪಟ್ಟು. ಅಲ್ಲಿ ಉಸಿರಾಡುವ ಗಾಳಿಯಲ್ಲಿರುವ ನೈಟ್ರೋಜನ್ ರಕ್ತಕ್ಕೆ, ಕೊಬ್ಬಿಗೆ, ಕೀಲುಗಳಿಗೆ ಕರಗಿ ಸೇರುತ್ತಾ ಹೋಗುತ್ತೆ. ನಿಧಾನವಾಗಿ ಮೇಲೆ ಬಂದರೆ ಶ್ವಾಸಕೋಶದ ಮೂಲಕ ಹೊರಗೆ ಹೋಗುತ್ತೆ. ಗಡಿಬಿಡಿಯಲ್ಲಿ ಬಂದರೆ ನಾವೇ ಸೋಡಾ ಬಾಟಲಿ. ಪಿಯುಸಿಯಲ್ಲಿ ನಾವು ಉರು ಹೊಡೆದ ನಿಯಮದ ಅದೇ ರಾಬರ್ಟ್ ಬಾಯ್ಲ್, 17ನೇ ಶತಮಾನದಲ್ಲೇ, ಗಾಳಿ ತೆಗೆದ ಪಾತ್ರೆಯೊಳಗಿಟ್ಟ ಹಾವಿನ ಕಣ್ಣಲ್ಲಿ ಗುಳ್ಳೆ ಓಡಾಡಿದ್ದನ್ನು ನೋಡಿ ಬರೆದಿದ್ದ. ಪಠ್ಯಪುಸ್ತಕದಲ್ಲಿ ಆ ಹಾವು ಇರಲಿಲ್ಲ. ಇದ್ದಿದ್ದರೆ ನಾನು ಮರೀತಿರಲಿಲ್ಲವೇನೋ.

ಮನುಷ್ಯರ ಮೈಯಲ್ಲಿ ಈ ಗುಳ್ಳೆ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡದ್ದು ಸೇತುವೆ ಕಟ್ಟುವವರಲ್ಲಿ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಜೇಮ್ಸ್ ಈಡ್ಸ್ ಮಿಸಿಸಿಪ್ಪಿ ನದಿಗೆ ಸೇತುವೆ ಕಟ್ಟುತ್ತಿದ್ದ, 1870ರ ಆಸುಪಾಸು. ನದಿಯ ತಳಕ್ಕೆ ದೊಡ್ಡ ಪೆಟ್ಟಿಗೆ ಇಳಿಸಿ, ನೀರು ನುಗ್ಗದಂತೆ ಒಳಗೆ ಗಾಳಿಯನ್ನು ಒತ್ತಿ ತುಂಬಿ, ಕೂಲಿಗಳನ್ನು ಅಲ್ಲಿ ಅಗೆಯಲು ಬಿಡುವುದು. ಪಾಳಿ ಮುಗಿಸಿ ಮೇಲೆ ಬಂದವರು ಸೊಂಟ ಹಿಡಿದು ಬಾಗಿ ನಡೆಯುತ್ತಿದ್ದರು. ಆ ಕಾಲದ ಫ್ಯಾಶನ್ ಹೆಂಗಸರು ಬಾಗಿ ನಡೆಯುತ್ತಿದ್ದ ಭಂಗಿಗೆ 'ಗ್ರೀಷಿಯನ್ ಬೆಂಡ್' ಅಂತ ಹೆಸರಿತ್ತು. ಕೂಲಿಗಳು ತಮಾಷೆಗೆ ಅದನ್ನೇ ಈ ರೋಗಕ್ಕೆ ಇಟ್ಟರು. ಇವತ್ತಿಗೂ ಡೈವರ್‌ಗಳು ಇದನ್ನು 'ಬೆಂಡ್ಸ್' ಅಂತಾರೆ. ತಮಾಷೆ ಬೇಗ ಮುಗಿಯಿತು, ಹತ್ತಕ್ಕೂ ಹೆಚ್ಚು ಜನ ಸತ್ತರು. ರಕ್ಷಣೆಗೆ ಅಂತ ಅವರಿಗೆ ಕಟ್ಟಿದ್ದೇನು ಗೊತ್ತಾ? ಸತು ಮತ್ತು ಬೆಳ್ಳಿಯ ತಗಡಿನ ಪಟ್ಟಿ. ತಾಯಿತ ಕಟ್ಟುವವರನ್ನು ನೋಡಿ ಸ್ಟುಡಿಯೋದಲ್ಲಿ ನಗ್ತೀವಲ್ಲ, ಇದು ಇಂಜಿನಿಯರ್‌ಗಳ ತಾಯಿತ. ಬ್ರೂಕ್ಲಿನ್ ಸೇತುವೆಯ ಮುಖ್ಯ ಇಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್‌ನನ್ನೂ 1872ರಲ್ಲಿ ಇದೇ ರೋಗ ಮಲಗಿಸಿತು. 1883ರಲ್ಲಿ ಸೇತುವೆ ಮುಗಿಯುವ ತನಕ ಕೆಲಸದ ಜಾಗಕ್ಕೆ ಅವನ ಸೂಚನೆ ಒಯ್ದು, ಕೆಲಸ ನಡೆಸಿದವಳು ಹೆಂಡತಿ ಎಮಿಲಿ.

ಕಾರಣ ಗೊತ್ತಾಗಲು ತಡವೇನೂ ಆಗಲಿಲ್ಲ. 1878ರಲ್ಲೇ ಫ್ರಾನ್ಸಿನ ಪಾಲ್ ಬೇರ್, ಇದು ನೈಟ್ರೋಜನ್ ಗುಳ್ಳೆಯ ಕೆಲಸ, ನಿಧಾನವಾಗಿ ಮೇಲೆ ಬನ್ನಿ ಅಂತ ಬರೆದ. ಆದರೆ ಎಷ್ಟು ನಿಧಾನ? ಆ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ.

ಲೆಕ್ಕ ಇಲ್ಲದ ಕಾಲದಲ್ಲಿ ಏನಾಯ್ತು ಅಂತ ನೋಡಬೇಕಾದರೆ ಗ್ರೀಸ್‌ಗೆ ಹೋಗಬೇಕು. ಸಿಮಿ, ಕಾಲಿಮ್ನೋಸ್ ದ್ವೀಪಗಳ ಜನ ತಲೆಮಾರುಗಳಿಂದ ಉಸಿರು ಕಟ್ಟಿ ಮುಳುಗಿ ಸಮುದ್ರದ ಸ್ಪಂಜು ಕೀಳುತ್ತಿದ್ದವರು. 1860ರ ದಶಕದಲ್ಲಿ ತಾಮ್ರದ ಶಿರಸ್ತ್ರಾಣ, ಮೇಲಿಂದ ಗಾಳಿ ಒತ್ತುವ ಪಂಪು ಬಂತು. ಇನ್ನೂ ಆಳಕ್ಕೆ ಹೋಗಬಹುದು, ತುಂಬಾ ಹೊತ್ತು ಇರಬಹುದು. ದೋಣಿಯವನಿಗೆ ಲಾಭ. ಕೆಳಗೆ ಇಳಿದವನಿಗೆ ಪಾರ್ಶ್ವವಾಯು. 1900ರಲ್ಲಿ ಬಿರುಗಾಳಿಗೆ ಸಿಕ್ಕ ಸಿಮಿಯ ದೋಣಿಯೊಂದು ಆಂಟಿಕಿಥೆರಾ ದ್ವೀಪದ ಬಳಿ ನಿಂತಿತು. ನೀರಿಗಿಳಿದ ಸ್ಟಾಡಿಯಾಟಿಸ್ ಎಂಬ ಡೈವರ್ ಹೆದರಿ ಮೇಲೆ ಬಂದು, ಕೆಳಗೆ ಹೆಣಗಳ ರಾಶಿ, ಮನುಷ್ಯರು, ಕುದುರೆಗಳು ಅಂದ. ಅವು ಹೆಣಗಳಲ್ಲ, ಎರಡು ಸಾವಿರ ವರ್ಷದ ಹಿಂದೆ ಮುಳುಗಿದ ಹಡಗಿನ ಶಿಲ್ಪಗಳು. ಸೂರ್ಯ, ಚಂದ್ರ, ಗ್ರಹಣಗಳ ಲೆಕ್ಕ ಹಾಕುವ ಹಲ್ಲುಚಕ್ರಗಳ ಯಂತ್ರ ಸಿಕ್ಕಿದ್ದೂ ಅಲ್ಲೇ. ಜಗತ್ತಿನ ಮೊದಲ ಕಂಪ್ಯೂಟರ್ ಅಂತ ನಮ್ಮ ಚಾನೆಲ್ಲೂ ಒಮ್ಮೆ ತೋರಿಸಿತ್ತು. ತೋರಿಸದೇ ಬಿಟ್ಟದ್ದು ಏನೆಂದರೆ, ಅದನ್ನೆಲ್ಲ ಮೇಲೆತ್ತಲು ಸರ್ಕಾರ ಇಳಿಸಿದ ಅದೇ ಸ್ಪಂಜು ಡೈವರ್‌ಗಳಲ್ಲಿ ಒಬ್ಬ ಸತ್ತ, ಇಬ್ಬರ ಕೈಕಾಲು ಬಿದ್ದುಹೋಯಿತು. ಕಾಲಿಮ್ನೋಸ್‌ನಲ್ಲಿ ಇವತ್ತಿಗೂ ಒಂದು ಕುಣಿತ ಇದೆ, 'ಮಿಹಾನಿಕೋಸ್'. ಯಂತ್ರ ಹಾಕಿಕೊಂಡು ಇಳಿಯುವವನು ಅಂತ ಅರ್ಥ. ಸಾಲಿನ ಮುಂದಿರುವವನು ಕೋಲು ಊರಿ, ಕಾಲು ನಡುಗಿಸುತ್ತಾ, ಎದ್ದು ನಿಲ್ಲಲು ಒದ್ದಾಡುತ್ತಾ ಕುಣಿಯುತ್ತಾನೆ. ನಾನು ಅದನ್ನು ಲ್ಯಾಪ್‌ಟಾಪ್‌ನಲ್ಲಿ ಎರಡು ಸಲ ನೋಡಿದೆ. ಮೂರನೇ ಸಲ ನೋಡಲಾಗಲಿಲ್ಲ.

ಲೆಕ್ಕ ಕೊಟ್ಟವನು ಜಾನ್ ಸ್ಕಾಟ್ ಹಾಲ್ಡೇನ್. ಬ್ರಿಟಿಷ್ ನೌಕಾಪಡೆ ತನ್ನ ಡೈವರ್‌ಗಳಿಗಾಗಿ ಅವನನ್ನು ಕರೆಯಿತು. ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಒಂದು ಉಕ್ಕಿನ ಕೋಣೆ. ಒಳಗೆ ಮೇಕೆಗಳು. ಒತ್ತಡ ಏರಿಸುವುದು, ಇಳಿಸುವುದು, ನೋಡುವುದು. ನೋವು ಬಂದ ಮೇಕೆ ಮುಂಗಾಲು ಎತ್ತಿ ನಿಲ್ಲುತ್ತೆ, ಸುಳ್ಳು ಹೇಳಲ್ಲ. (ನಾನು ಹೇಳಿದೆ.) ಒತ್ತಡವನ್ನು ಅರ್ಧಕ್ಕೆ ಇಳಿಸಿದರೆ ಮೇಕೆಗಳಿಗೆ ತೊಂದರೆಯಿಲ್ಲ ಅನ್ನುವುದು ಅವನಿಗೆ ಕಂಡ ಮುಖ್ಯ ಸಂಗತಿ. ಅಂದರೆ 30 ಮೀಟರ್‌ನಿಂದ 10 ಮೀಟರ್‌ಗೆ ಬೇಗ ಬರಬಹುದು. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ನಿಂತು ಬರಬೇಕು. ರಕ್ತ ಬೇಗ ತುಂಬಿ ಬೇಗ ಖಾಲಿಯಾಗುತ್ತೆ, ಕೊಬ್ಬು ನಿಧಾನ. ಹಾಗಾಗಿ ದೇಹವನ್ನು ಐದು ಬೇರೆ ಬೇರೆ ವೇಗದ ಪಾತ್ರೆಗಳು ಅಂತ ಭಾವಿಸಿ ಲೆಕ್ಕ ಹಾಕಿದ. 1908ರಲ್ಲಿ ಬಾಯ್ಕಾಟ್, ಡಾಮಂಟ್ ಜೊತೆ ಅದನ್ನು ಪ್ರಕಟಿಸಿದ. ನಮ್ಮ ಕೈಗೆ ಕಟ್ಟುವ ಡೈವ್ ಕಂಪ್ಯೂಟರ್‌ಗಳೊಳಗಿರುವ ಲೆಕ್ಕ ಈ ಮೇಕೆಗಳ ಲೆಕ್ಕದ ಮರಿಮಕ್ಕಳೇ.

ಒಂದು ಮಾತು ಇಲ್ಲಿ ಹೇಳಲೇಬೇಕು. 1906ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ಸಮುದ್ರದ ಪ್ರಯೋಗ ನಡೆದಾಗ ಹಾಲ್ಡೇನ್ ತನ್ನ 13 ವರ್ಷದ ಮಗನನ್ನೂ ಡೈವಿಂಗ್ ಸೂಟ್ ಹಾಕಿ ನೀರಿಗಿಳಿಸಿದ್ದ. ಸೂಟ್ ದೊಡ್ಡದಾಗಿ ಒಳಗೆ ನೀರು ನುಗ್ಗಿತ್ತು. ಆ ಹುಡುಗನೇ ಜೆ.ಬಿ.ಎಸ್. ಹಾಲ್ಡೇನ್. ದೊಡ್ಡ ಜೀವವಿಜ್ಞಾನಿಯಾಗಿ, 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು. ನಮ್ಮವರೇ ಅಂತಿಟ್ಕೊಳ್ಳಿ.

ಇಷ್ಟು ಕಾಲ ಡೈವರ್‌ನ ಹಗ್ಗ, ಗಡಿಯಾರ ಎರಡೂ ಮೇಲಿದ್ದವನ ಕೈಯಲ್ಲಿದ್ದವು. ಅದನ್ನು ಕತ್ತರಿಸಿದ್ದು 1943. ಜರ್ಮನರ ವಶದಲ್ಲಿದ್ದ ಫ್ರಾನ್ಸಿನಲ್ಲಿ ಪೆಟ್ರೋಲ್ ಇಲ್ಲ. ಕಾರನ್ನು ಗ್ಯಾಸ್‌ನಲ್ಲಿ ಓಡಿಸಲು ಎಮಿಲ್ ಗಾನ್ಯಾಂ ಎಂಬ ಇಂಜಿನಿಯರ್ ಒಂದು ವಾಲ್ವ್ ಮಾಡಿದ್ದ. ನೌಕಾಪಡೆಯ ಅಧಿಕಾರಿ ಜಾಕ್ ಕುಸ್ಟೋ ಅದನ್ನೇ ಉಸಿರಾಟಕ್ಕೆ ಒಗ್ಗಿಸಲು ಕೇಳಿದ. ಮಾರ್ನ್ ನದಿಯಲ್ಲಿ ಮೊದಲ ಪರೀಕ್ಷೆ. ಅಡ್ಡಲಾಗಿ ಈಜಿದರೆ ಸರಿ, ನೆಟ್ಟಗೆ ನಿಂತರೆ ಗಾಳಿ ಸುಮ್ಮನೆ ಸೋರುತ್ತೆ, ತಲೆಕೆಳಗಾದರೆ ಬರೋದೇ ಇಲ್ಲ! ಗಾಳಿ ಒಳಬರುವ ಮತ್ತು ಹೊರಹೋಗುವ ಬಾಯಿಗಳು ಬೇರೆ ಬೇರೆ ಎತ್ತರದಲ್ಲಿದ್ದದ್ದೇ ಕಾರಣ. ಎರಡನ್ನೂ ಒಂದೇ ಮಟ್ಟಕ್ಕೆ ತಂದರು, ಅಷ್ಟೇ. ಆ ಜೂನ್‌ನಲ್ಲಿ ಕುಸ್ಟೋ ಮೆಡಿಟರೇನಿಯನ್‌ಗೆ ಇಳಿದು ಮೀನಿನ ಹಾಗೆ ತಿರುಗಾಡಿದ. ಅವನ ತಂಡದ ಮೋರಿಸ್ ಫಾರ್ಗ್ 1947ರಲ್ಲಿ ಸುಮಾರು 120 ಮೀಟರ್ ಆಳದಲ್ಲಿ ತೂಗುಹಾಕಿದ್ದ ಹಲಗೆಗೆ ಸಹಿ ಹಾಕಿದ. ಮೇಲೆ ಎಳೆದಾಗ ಉಸಿರಾಟದ ಕೊಳವೆ ಬಾಯಿಂದ ಕಳಚಿತ್ತು. ಬದುಕಲಿಲ್ಲ.

ಹಗ್ಗ ಹೋಯಿತು. ಯಾವಾಗ ಮೇಲೆ ಬರಬೇಕು, ಬಂದ ಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕು ಅಂತ ತೀರ್ಮಾನಿಸುವುದು ಡೈವರ್‌ಗೇ ಬಿತ್ತು. ಸಿಮಿಯ ಆ ಬಡ ಡೈವರ್‌ಗೆ ದೋಣಿಯ ಯಜಮಾನನಿದ್ದ. ನನಗೆ ಯಾರಿದ್ದರು? ಒಂದು ಬುಲೆಟಿನ್.

ವಿಮಾನ ಹತ್ತುವ ಮುಂಚೆ ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಮಾಡಿದ್ದರೆ 18 ಗಂಟೆ ಕಾಯಬೇಕು ಅನ್ನುವುದು ಇವತ್ತಿನ ಸಾಮಾನ್ಯ ಶಿಫಾರಸು. ಎತ್ತರ ಅಂದರೆ ಎತ್ತರ, ಅದಕ್ಕೆ ವಿಮಾನವೂ ಒಂದೇ, ಘಟ್ಟದ ರಸ್ತೆಯೂ ಒಂದೇ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಗಾಳಿಯ ಒತ್ತಡ ಇಲ್ಲಿ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಕಡಲಲ್ಲಿ ಮುಚ್ಚಿದ ಬಾಟಲಿಯ ಗೋಲಿಯನ್ನು ನಾವು ಗೇರುಸೊಪ್ಪೆಯಲ್ಲಿ ಒತ್ತುತ್ತಾ ಹೋಗಿದ್ದೆವು.

ಇದನ್ನೆಲ್ಲ ಓದಿದ ಮೇಲೆ ಆ ಮೇಷ್ಟ್ರಿಗೆ ಫೋನ್ ಮಾಡಿದೆ. ಸುಳ್ಳು ಹೇಳಿದ್ದೆ ಅಂತ ಒಪ್ಪಿಕೊಂಡೆ. ಬೈತಾರೆ ಅಂದ್ಕೊಂಡಿದ್ದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ್ದು, "ಯಾವ ಭುಜ? ಬೆರಳು ಜೋಮು ಹಿಡಿದಿತ್ತಾ? ನಡೆಯುವಾಗ ಕಾಲು ಸರಿ ಇತ್ತಾ?" ಒಂದೊಂದೇ ಪ್ರಶ್ನೆ, ಡಾಕ್ಟರ್ ಹಾಗೆ. ಆಗಲೇ ಆಕ್ಸಿಜನ್ ಕೊಟ್ಟು ಆಸ್ಪತ್ರೆಗೆ ಕಳಿಸಬೇಕಿತ್ತು ಅಂದರು. ತಮ್ಮನ ನೋವು ಎರಡು ದಿನದಲ್ಲಿ ಹೋಗಿತ್ತು. ಅದು ಸಿಲಿಂಡರ್‌ನ ಭಾರವೋ ಗುಳ್ಳೆಯೋ, ಈಗ ಯಾರೂ ಹೇಳಲಾರರು. "ಮುಂದಿನ ಸಲ ಬರುವಾಗ ಸೋಮವಾರಕ್ಕೂ ರಜೆ ಹಾಕಿ ಬನ್ನಿ" ಅಂದರು.

ಹೋದ ಡಿಸೆಂಬರ್‌ನಲ್ಲಿ ಹೋಗಿದ್ದೆವು. ಹೊರಟದ್ದು ಮಂಗಳವಾರ.